ಖಾಲಿ ಇರಬೇಕಾದ ಫೋನು

ಗಾಣಗಾಪುರದ ಆ ಮನೆಗೆ ಫೋನು ಬಂದ ವರ್ಷ ಯಾವುದು ಎಂಬ ವಿಷಯದಲ್ಲಿ ಮೂವರದು ಮೂರು ಮಾತು. ಅಫಜಲಪುರದಿಂದ ಬಂದು ತಂತಿ ಎಳೆದ ಲೈನ್‌ಮನ್ ಮೆಹಬೂಬಸಾಹೇಬರ ಪ್ರಕಾರ ಅದು ಭೀಮೆಗೆ ಹನ್ನೆರಡು ವರ್ಷಕ್ಕೊಮ್ಮೆಯ ಪುಷ್ಕರ ಬಂದ ವರ್ಷ. ಮನೆಯೊಡತಿಯ ಮೈದುನ ಶಾಮರಾಯರು, ಅಲ್ಲ, ಪುಷ್ಕರಕ್ಕೆ ಒಂದು ವರ್ಷ ಮೊದಲೇ ಎನ್ನುತ್ತಾರೆ. ಒಡತಿಯ ಮಗಳು ಉಷಾ ವರ್ಷದ ಗೊಡವೆಗೇ ಹೋಗದೆ, "ನನಗ ಎರಡನೇ ಸಲ ಪಂಚಮಿಗೆ ಕಳಸಲಿಲ್ಲಲ್ರಿ, ಅದಾದ ಮ್ಯಾಲ" ಎಂದು ಮುಗಿಸುತ್ತಾಳೆ. ಮೂರನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಮೆಹಬೂಬಸಾಹೇಬರದು ನೆನಪಿನ ತಪ್ಪು. ಪುಷ್ಕರದ ಸ್ನಾನಕ್ಕೆ ಜನ ಸೇರುವ ಹೊತ್ತಿಗೆ ನಾನು ಗಾಣಗಾಪುರದ ಕೆಲಸ ಮುಗಿಸಿ ಜೇವರ್ಗಿಗೆ ಮರಳಿಯಾಗಿತ್ತು. ಅದಕ್ಕೂ ಮೊದಲು ಸುಮಾರು ಒಂದು ವರ್ಷ ಕಾಲ ಆ ಫೋನಿನ ಗಂಟೆಯನ್ನು ಅದೇ ಮನೆಯ ಮಹಡಿಯ ಕೋಣೆಯಲ್ಲಿ ಕುಳಿತು ನಾನೇ ಕೇಳಿದ್ದೇನೆ. ಆದ್ದರಿಂದ ಶಾಮರಾಯರ ಮಾತನ್ನು ಒಪ್ಪಿ ಮುಂದುವರಿಯುತ್ತೇನೆ.

ಆ ಮನೆಯ ಒಡತಿ ಕಳೆದ ಮಾಘದಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯುವೆನೆಂದು ಹೇಳಿದಾಗ ಉಷಾ ಒಂದು ಷರತ್ತು ಹಾಕಿದಳು. "ಅವ್ವನ ಹೆಸರು ಬರೀಬ್ಯಾಡ್ರಿ. ಊರಾಗ ಆಕಿನ್ನ ಯಾರೂ ಹೆಸರು ಹಿಡದು ಕರದಿಲ್ಲ. ಈಗ್ಯಾಕ?" ಮಾತು ನಿಜ. ಪುಣೆ, ಸೊಲ್ಲಾಪುರಗಳ ಕಡೆಯಿಂದ ಬರುವ ಯಾತ್ರಿಕರು ಅವರನ್ನು ತಾಯಿಯ ತಂಗಿಯೆಂಬಂತೆ 'ಮಾವಶಿ' ಎನ್ನುತ್ತಿದ್ದರು. ಯಾತ್ರಿಕರನ್ನು ನೋಡಿ ಓಣಿಯವರೂ, ಓಣಿಯವರನ್ನು ನೋಡಿ ನಾನೂ ಹಾಗೆಯೇ ಕರೆದೆವು. ಇಲ್ಲಿಯೂ ಅವರು ಮಾವಶಿಯೇ.

ಭೀಮಾತೀರದ ಯಾತ್ರಾಸ್ಥಳಗಳ ಇತಿಹಾಸವನ್ನು ಕುರಿತ ನನ್ನ ಅಧ್ಯಯನಕ್ಕಾಗಿ ಗಾಣಗಾಪುರದಲ್ಲಿ ಉಳಿಯಬೇಕಾಗಿ ಬಂದಾಗ ಒಂಟಿ ಹೆಂಗಸಿಗೆ ಕೋಣೆ ಕೊಡಲು ಲಾಡ್ಜಿನವರು ಹಿಂದೆಮುಂದೆ ನೋಡಿದರು. ಮಾವಶಿ ಮಾತ್ರ ಜೋಳದ ರೊಟ್ಟಿಯ ಬಗ್ಗೆ ಒಂದೇ ಪ್ರಶ್ನೆ ಕೇಳಿದರು: "ಬಾಯೀ, ಕಟಕ ಭಕ್ಕರಿ ನಡಿತದೇನ್ರಿ, ಮೆತ್ತಗಿಂದ ಬೇಕೋ?" ಗಂಡ ತೀರಿಕೊಂಡ ಮೇಲೆ ಅವರು ಎರಡು ಕೋಣೆಗಳನ್ನು ಯಾತ್ರಿಕರಿಗೆ ಬಿಟ್ಟುಕೊಟ್ಟು, ಕೇಳಿದವರಿಗೆ ಊಟ ಹಾಕಿ ಸಂಸಾರ ಸಾಗಿಸುತ್ತಿದ್ದರು. ಬಾಗಿಲಿಗೆ ಬೋರ್ಡು ಇರಲಿಲ್ಲ. ಕುಳ್ಳಗಿನ, ಗಟ್ಟಿ ಮೈಕಟ್ಟಿನ, ನಡೆಯುವಾಗಲೂ ಮಾತಾಡುವಾಗಲೂ ಅವಸರವಿಲ್ಲದ ಹೆಂಗಸು. ಏನನ್ನಾದರೂ ತೀರ್ಮಾನಿಸುವ ಮೊದಲು ಎಡಗೈಯ ಅಂಗೈಯನ್ನು ಸೆರಗಿಗೆ ಒರೆಸಿ, ಮುಷ್ಟಿ ಕಟ್ಟಿ, ಆ ಮುಷ್ಟಿಯನ್ನೇ ಸ್ವಲ್ಪ ಹೊತ್ತು ನೋಡುವುದು ಅವರ ರೂಢಿ. ಮುಷ್ಟಿ ಬಿಚ್ಚಿದರೆಂದರೆ ತೀರ್ಮಾನವಾಯಿತೆಂದು ಅರ್ಥ. ಆಮೇಲೆ ಯಾರು ಹೇಳಿದರೂ ಬದಲಿಲ್ಲ.

ತೂಗಿ ನೋಡುವುದರಲ್ಲಿ ಅವರದೊಂದು ವಿಚಿತ್ರ ಕ್ರಮವಿತ್ತು. ನಾವೆಲ್ಲ ಒಂದು ವಸ್ತುವಿನಿಂದ ಏನು ಪ್ರಯೋಜನವೆಂದು ಕೇಳಿದರೆ, ಅದರ ಜೊತೆಗೆ ಇನ್ನೇನು ಮನೆಯೊಳಕ್ಕೆ ಬರುತ್ತದೆಂದು ಅವರು ಕೇಳುತ್ತಿದ್ದರು. ಒಮ್ಮೆ ಸ್ಟೀಲ್ ಪಾತ್ರೆ ಮಾರುವವಳು ಒಂದು ಬೋಗುಣಿ ಕೊಂಡರೆ ಒಂದು ಬಟ್ಟಲು ಪುಕ್ಕಟೆ ಎಂದು ಕೂಗುತ್ತ ಬಂದಳು. ಮಾವಶಿ ಬೋಗುಣಿ ತೆಗೆದುಕೊಂಡು ಬಟ್ಟಲನ್ನು ಹಿಂದಕ್ಕೆ ಕೊಟ್ಟರು.

"ಪುಕ್ಕಟೆ ಅದ ಅಂದ್ನೆಲ್ಲವಾ, ಇಟ್ಕೋರಿ" ಎಂದಳು ಆಕೆ, ಮಾರಾಟ ಕೆಟ್ಟಂತೆ ಗಾಬರಿಯಾಗಿ.

"ಪುಕ್ಕಟೆ ಬಂದದ್ದು ಮನ್ಯಾಗ ಜಾಗಾ ಕೇಳತದ ಬೇ. ನಾಳೆ ಅದನ್ನೂ ತಿಕ್ಕಾಕಿ ನಾನೇ."

ಅವರ ಮಾತುಗಳಲ್ಲಿ ನನಗೆ ಇಂದಿಗೂ ಉಪಯೋಗಕ್ಕೆ ಬರುತ್ತಿರುವುದು ಇದೇ.

ಗಾಣಗಾಪುರದ ಮಧ್ಯಾಹ್ನದ ಬಗ್ಗೆ ಇಲ್ಲಿ ಹೇಳಬೇಕು. ದತ್ತಾತ್ರೇಯರು ದಿನವೂ ನಡುಹಗಲಿಗೆ ಈ ಊರಿಗೆ ಭಿಕ್ಷೆಗೆ ಬರುತ್ತಾರೆ, ಯಾವ ರೂಪದಲ್ಲಿ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ ಎಂಬುದು ನಂಬಿಕೆ. ಯಾತ್ರಿಕರು, ಕಾರಿನಲ್ಲಿ ಬಂದವರು ಕೂಡ, ಜೋಳಿಗೆ ಹಿಡಿದು ಐದು ಮನೆಗಳ ಮುಂದೆ ನಿಂತು ಮಾಧುಕರಿ ಬೇಡುತ್ತಾರೆ. ಊರಿನವರು ಬಾಗಿಲಲ್ಲಿ ನಿಂತು ಭಕ್ಕರಿಯ ತುಣುಕೋ ಒಂದು ಹಿಡಿ ಅನ್ನವೋ ನೀಡುತ್ತಾರೆ. ಆ ಹೊತ್ತಿನಲ್ಲಿ ಬಾಗಿಲಿಗೆ ಬಂದವರನ್ನು ಯಾರು, ಯಾಕೆ ಎಂದು ಕೇಳುವಂತಿಲ್ಲ, ಇಲ್ಲವೆನ್ನುವಂತೆಯೂ ಇಲ್ಲ. ಮಾವಶಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ನೀಡುವಾಗ ಅವರು ಮುಖ ನೋಡುತ್ತಿರಲಿಲ್ಲ, ಪಾತ್ರೆಯನ್ನಷ್ಟೇ ನೋಡುತ್ತಿದ್ದರು. "ಮುಖಾ ನೋಡಿದ್ರ ಕೈ ಸಣ್ಣದು ದೊಡ್ಡದು ಆಗತದ" ಎಂಬುದು ಅವರು ಕೊಟ್ಟ ಕಾರಣ.

ಒಬ್ಬಳೇ ಮಗಳು ಉಷಾಳನ್ನು ಆಳಂದದ ಬಟ್ಟೆ ವ್ಯಾಪಾರಿಯೊಬ್ಬರ ಮನೆಗೆ ಕೊಟ್ಟಿದ್ದರು. ನಾನು ಆ ಮನೆಗೆ ಹೋದಾಗ ಮದುವೆಯಾಗಿ ಎರಡು ವರ್ಷ ಕಳೆದಿತ್ತು, ಮಕ್ಕಳಾಗಿರಲಿಲ್ಲ. ನಮ್ಮ ಕಡೆ ನಾಗರಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು. ಬೀಗರು ಎರಡು ಪಂಚಮಿಗೂ ಕಳುಹಿಸಲಿಲ್ಲ. ಅವರ ಮನೆಯಲ್ಲಿ ಫೋನು ಇತ್ತು, ಆದರೆ ಅದಿದ್ದದ್ದು ಮನೆಯ ಮುಂಭಾಗದ ಅಂಗಡಿಯಲ್ಲಿ, ಮಾವ ಕೂಡುವ ಗಾದಿಯ ಪಕ್ಕದಲ್ಲಿ. ಮಾವಶಿ ಬಸ್ ನಿಲ್ದಾಣದ ಬಳಿಯ ಬೂತಿಗೆ ಹೋಗಿ ಆಳಂದಕ್ಕೆ ಫೋನು ಮಾಡಿದರೆ ಮಾವ ಎತ್ತುತ್ತಿದ್ದರು. ಸೊಸೆಯನ್ನು ಕರೆದು ಕೈಗೆ ಕೊಟ್ಟು ಅಲ್ಲಿಯೇ ಕುಳಿತಿರುತ್ತಿದ್ದರು. ಗಿರಾಕಿಗಳೂ ಇರುತ್ತಿದ್ದರು. ಉಷಾ, "ಹೂಂ. ಆರಾಮಿದ್ದೇನಿ. ಹೂಂ" ಎನ್ನುತ್ತಿದ್ದಳು. ಮಾವಶಿ ಬೂತಿನಿಂದ ಮನೆಗೆ ಬಂದು ಒಮ್ಮೆ ನನಗೆ ಹೇಳಿದರು: "ಬಾಯೀ, ನಮ್ಮ ಹುಡಿಗಿ ಸಣ್ಣಾಕಿದ್ದಾಗಿಂದ ಆರಾಮಿದ್ದಾಗ ಆರಾಮಿದ್ದೇನಿ ಅಂತ ಎಂದೂ ಅಂದಾಕಿಯಲ್ಲ. ಕಾಲು ನೋಯತದ, ಸಾರು ಖಾರಾಗ್ಯದ, ಹಿಂಗ ಏನರ ಒಂದು ಅಂತಿದ್ಳು."

ಮಾವಶಿಯ ಮನೆಗೇ ಫೋನು ಬಂದದ್ದು ಇಂಥ ಹೊತ್ತಿನಲ್ಲಿ. ಅರ್ಜಿ ಹಾಕಿದ್ದವರು ಅವರ ಗಂಡ. ಪಾಳಿ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಇಂದು ಫೋನು, ಇಂಟರ್ನೆಟ್ಟುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ 'ಪ್ಯಾಕೇಜ್' ಎಂದು ಮಾರುತ್ತಾರೆ. ಆಗ ಆ ಶಬ್ದ ನಮ್ಮ ಕಡೆ ಬಳಕೆಯಲ್ಲಿರಲಿಲ್ಲ, ಆದರೆ ಗಂಟುಗಳು ಆಗಲೂ ಇದ್ದವು. ಬರೀ ಊರೊಳಗೆ ಮಾತಾಡುವ ಫೋನು, ಹೊರ ಊರಿಗೂ ನೇರ ಹಚ್ಚಬಹುದಾದ ಎಸ್.ಟಿ.ಡಿ. ಸೌಲಭ್ಯದ ಫೋನು, ಅದನ್ನು ಗುಪ್ತಸಂಖ್ಯೆಯಿಂದ ಮುಚ್ಚಿಡುವ ಲಾಕು, ಒಂದೇ ಲೈನಿಗೆ ಎರಡು ಕಡೆ ಎರಡು ಫೋನಿನ ಡಬ್ಬಿ, ಇಲ್ಲವೇ ಹಳದಿ ಬೋರ್ಡು ಹಾಕಿಕೊಂಡು ಮನೆಯನ್ನೇ ಬೂತಾಗಿಸುವುದು. ಯಾವುದು ಬೇಕೆಂದು ಬರೆದುಕೊಡಬೇಕಿತ್ತು. ಮೆಹಬೂಬಸಾಹೇಬರು ತಂತಿಯ ಸುರುಳಿಯನ್ನು ಪಡಸಾಲೆಯಲ್ಲಿಟ್ಟು ಕುಳಿತರು. ಪಕ್ಕದ ಮನೆಯಿಂದ ಶಾಮರಾಯರು ಬಂದರು. ಅವರು ನಿವೃತ್ತ ಗುಮಾಸ್ತರು. ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವ ಸ್ವಭಾವದವರು. ಅತ್ತಿಗೆಯನ್ನು ಎಲ್ಲರ ಹಾಗೆ ಮಾವಶಿ ಎನ್ನದೆ 'ವೈನಿ' ಎನ್ನುತ್ತಿದ್ದರು.

"ವೈನಿ, ಎಸ್.ಟಿ.ಡಿ. ತಗೋರಿ. ಅದಿಲ್ಲದ ಫೋನಂದ್ರ ಚಕ್ಕಡಿ ಅದ, ಎತ್ತಿಲ್ಲ ಅಂದಂಗ."

"ಎತ್ತು ಕಟ್ಟಿದ್ರ ಊರ ಮಂದಿಯೆಲ್ಲಾ ಹತ್ತತಾರ, ಶಾಮಾ. ನನ್ನ ಚಕ್ಕಡಿ ಖಾಲಿ ನಿಂತಿರಬೇಕು."

"ಖಾಲಿ ನಿಂದರಸಾಕ ಯಾರರ ಬಾಡಿಗಿ ಕಟ್ಟತಾರೇನು?"

ಮೆಹಬೂಬಸಾಹೇಬರು ಸಂಧಾನಕ್ಕೆ ಬಂದರು. "ಲಾಕ್ ಬರ್ತದ್ರಿ ಮಾವಶಿ. ನಂಬರ್ ಒತ್ತಿದ್ರ ಬಂದ್, ಮತ್ತ ಒತ್ತಿದ್ರ ಚಾಲೂ. ಬೇಫಿಕರ್ ಇರ್ರಿ."

"ಕೀಲಿ ಇದ್ದ ಮ್ಯಾಲ ಕೇಳವರು ಬಂದ ಬರ್ತಾರ, ಮೆಹಬೂಬಣ್ಣ. ಮನ್ಯಾಗ ಉಂಡ ಮಲಗಿದ ಯಾತ್ರಿಕರು ಊರಿಗೆ ಒಂದ ಮಾತು ಹೇಳತೇವ್ರಿ ಅಂದ್ರ, ಕೀಲಿ ಸೆರಗಿನ್ಯಾಗ ಇಟ್ಕೊಂಡು ಇಲ್ಲ ಅನ್ನೋದು ಹೆಂಗ? ಕೀಲಿನೇ ಬ್ಯಾಡ."

"ಹಂಗಾರ ಬೂತ್ ಮಾಡ್ರಲಾ" ಎಂದರು ಶಾಮರಾಯರು. "ಮಂದಿ ಪಾಳಿ ಹಚ್ಚತಾರ. ನೀವು ಕುಂತಲ್ಲೇ ಕುಂತು ಗಳಸಬಹುದು."

"ಪಾಳಿ ಹಚ್ಚಿದ್ರಂದ್ರ ಹೊರಗಿಂದ ಬರೋದು ಹೆಂಗ ಬರಬೇಕು?"

ಶಾಮರಾಯರು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದ ನಿಜವಾದ ಮಾತನ್ನು ಆಗ ಹೊರತೆಗೆದರು. "ಹೋಗ್ಲಿ. ನಮ್ಮ ಮನ್ಯಾಗೂ ಒಂದ ಡಬ್ಬಿ ಇಡಸ್ರಿ. ಬಾಡಿಗಿ ಅರ್ಧಾ ನಂದು. ನೀವು ಹೊಳಿಗೆ ಹೋದಾಗ ನಾನೇ ಎತ್ತತೇನಿ."

ಮಾವಶಿ ಅಂಗೈ ಒರೆಸಿ ಮುಷ್ಟಿ ಕಟ್ಟಿದರು. ನೋಡಿದರು. ಬಿಚ್ಚಿದರು.

"ನೀ ಎತ್ತಿದ್ರ ಆಕಿ ಆರಾಮಿದ್ದೇನಿ ಅಂತಾಳ, ಶಾಮಾ."

ಶಾಮರಾಯರ ಮುಖ ಸಣ್ಣದಾದದ್ದು ನಿಜ. ಅಣ್ಣನ ಮಗಳ ಮೇಲೆ ಅವರಿಗೆ ಜೀವವಿತ್ತು. ಮಾವಶಿ ಒಳಗಿನಿಂದ ಚಹಾ ತಂದು ಮೊದಲ ಬಟ್ಟಲನ್ನು ಅವರ ಕೈಗೇ ಕೊಟ್ಟರು.

ಹೀಗೆ ಅವರು ಎಲ್ಲ ಗಂಟುಗಳನ್ನೂ ಬಿಚ್ಚಿ ನೋಡಿ, ಎಲ್ಲಕ್ಕಿಂತ ಬಡವಾದ, ಹೊರ ಊರಿನಿಂದ ಬಂದರೆ ಎತ್ತಬಹುದಾದ ಆದರೆ ಹೊರ ಊರಿಗೆ ಹಚ್ಚಲಾಗದ ಫೋನನ್ನು ಆರಿಸಿಕೊಂಡರು. ಅದನ್ನು ಇಟ್ಟದ್ದು ಪಡಸಾಲೆಯ ಒಂದು ಮಣೆಯ ಮೇಲೆ, ಬೀದಿಬಾಗಿಲಿಗೂ ಒಲೆಗೂ ನಡುವೆ, ಎರಡೂ ಕಡೆಯಿಂದ ಕೈಗೆಟಕುವಂತೆ. ಹೊರಗೆ ಮಾತಾಡಲು ಬಾರದ ಫೋನೆಂದು ಓಣಿಯಲ್ಲಿ ನಗೆಯಾಡಿದರು. ಎದುರುಮನೆಯ ಹೆಂಗಸು, "ಮಾವಶೀ, ನಿಮ್ಮ ಫೋನಿಗೆ ಕಿವಿ ಅಷ್ಟ ಅದ, ಬಾಯಿಲ್ಲ ಬಿಡ್ರಿ" ಎಂದರೆ, ಇವರು ಅಕ್ಕಿ ಆರಿಸುತ್ತಲೇ, "ಬಾಯಿ ಇದ್ದವರು ಓಣ್ಯಾಗ ರಗಡ ಮಂದಿ ಇದ್ದೀರಿ" ಎಂದರು.

ಫೋನು ಬಂದ ಸುದ್ದಿ ಆಳಂದಕ್ಕೆ ಹೇಗೆ ಮುಟ್ಟಿತೆಂದು ನಾನು ಉಷಾಳನ್ನೇ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಶಾಮರಾಯರೇ ಹಬ್ಬದ ನೆಪದಲ್ಲಿ ಹೋಗಿ, ಬೀಗರ ಎದುರಿಗೇ ಹೆಮ್ಮೆಯಿಂದ ನಂಬರು ಹೇಳಿ ಬಂದರಂತೆ. ಅವಳು ಅದನ್ನು ಅಲ್ಲಿಯೇ ನಿಂತು ಬಾಯಿಪಾಠ ಮಾಡಿಕೊಂಡಳು. ಆಳಂದದ ಅವರ ಓಣಿಯಲ್ಲಿ ಹಿಟ್ಟಿನ ಗಿರಣಿಯ ಪಕ್ಕದಲ್ಲೇ ಒಂದು ಎಸ್.ಟಿ.ಡಿ. ಬೂತು ಇತ್ತು. ಅಡುಗೆ ಮುಗಿಸಿ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದರೆ, ಕಾಳು ಹಿಟ್ಟಾಗುವಷ್ಟು ಹೊತ್ತು ಅವಳದು. ಆ ಹೊತ್ತಿನಲ್ಲಿ ಅವಳು ತಾಯಿಗೆ ಫೋನು ಮಾಡತೊಡಗಿದಳು.

ಅದು ಮಾಧುಕರಿಯ ವೇಳೆ. ಬಾಗಿಲಲ್ಲಿ ಜೋಳಿಗೆಯವರು ನಿಂತಿರುತ್ತಿದ್ದರು, ಇತ್ತ ಗಂಟೆ ಬಾರಿಸುತ್ತಿತ್ತು. ಮಾವಶಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ನಿಂತೇ ಫೋನು ಎತ್ತುತ್ತಿದ್ದರು. ನಾನು ಭಕ್ಕರಿ ನೀಡುತ್ತ ಕೇಳಿಸಿಕೊಂಡದ್ದು ತಾಯಿಯ ಅರ್ಧ ಮಾತುಗಳನ್ನು ಮಾತ್ರ.

"ಹೂಂ... ಎಷ್ಟ ಕಾಳು ಉಳದದ ಮ್ಯಾಲ?... ಅರ್ಧಾ ಬೀಸ್ಯಾರೇನು? ಹಂಗಾರ ಇನ್ನೂ ಅರ್ಧಾ ಅದ. ಹೇಳು, ಗಡಿಬಿಡಿ ಮಾಡಬ್ಯಾಡ... ಹೂಂ... ಅಳಬ್ಯಾಡ. ಅತ್ತರ ಆ ಗಿರಣಿಯಾಂವ ಕೇಳತಾನ. ಹಿಟ್ಟು ಹಾರಿ ಕಣ್ಣಾಗ ಬಿತ್ತು ಅಂತ ಹೇಳು."

ಆ ಅರ್ಧ ಮಾತುಗಳಿಂದಲೇ ಉಳಿದರ್ಧ ತಿಳಿಯಿತು. ಉಷಾಳ ಗಂಡನಿಗೆ ಬೇರೆ ಹುಡುಗಿ ನೋಡುವ ಮಾತು ಆ ಮನೆಯಲ್ಲಿ ನಡೆದಿತ್ತು. ಇವಳಿಗೆ ಯಾರೂ ಹೇಳಿರಲಿಲ್ಲ. ಇವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಅಷ್ಟೇ.

ನಾನು ತಡೆಯಲಾರದೆ ಹೇಳಿದೆ, "ನಾಳೆಯೇ ಹೋಗಿ ಕರೆದುಕೊಂಡು ಬನ್ನಿ ಮಾವಶಿ. ನಾನೂ ಬರುತ್ತೇನೆ."

ಅವರು ರೊಟ್ಟಿಯ ಹಂಚನ್ನು ಇಳಿಸಿ ನನ್ನ ಕಡೆ ತಿರುಗಿದರು. "ಕರಕೊಂಡ ಬರೋದು ಬ್ಯಾರೆ, ಬರೋದು ಬ್ಯಾರೆ, ಬಾಯೀ. ನಾ ಕರಕೊಂಡ ಬಂದ್ರ, ಅವ್ವ ಬರದಿದ್ರ ಅಲ್ಲೆಲ್ಲಾ ಸರಿಹೋಗತಿತ್ತೇನೋ ಅಂತ ಆಕಿ ಜೀವನಪೂರ್ತಿ ಅಂದುಕೋತಾಳ. ಆಕಿ ಬಾ ಅಂದ್ರ ಹೋಗತೇನಿ. ಬರತೇನಿ ಅಂದ್ರ ಬಾಗಲಾ ತಗದಿರತೇನಿ. ನಾನಾಗಿ ಬಾ ಅನ್ನಂಗಿಲ್ಲ." ಹಾಗೆಂದವರ ಮುಷ್ಟಿ ಮಾತ್ರ ಆ ದಿನ ಬಿಚ್ಚಿರಲಿಲ್ಲ. ಮುಚ್ಚಿದ ಮುಷ್ಟಿಯಲ್ಲೇ ಇಕ್ಕಳ ಹಿಡಿದು ಹಂಚನ್ನು ಮತ್ತೆ ಒಲೆಗೇರಿಸಿದರು.

ಮೃಗಶಿರಾ ಮಳೆ ಹಿಡಿದ ಮೇಲೆ ಉಷಾಳ ಫೋನು ಬರುವುದು ನಿಂತಿತು. ಕಾರಣ ನಮಗೆ ಆಮೇಲೆ ತಿಳಿಯಿತು. ಗಿರಣಿಗೆ ಅತ್ತೆಯೂ ಜೊತೆಯಲ್ಲಿ ಬರತೊಡಗಿದ್ದರು. ಆದರೆ ಅದೇ ದಿನಗಳಲ್ಲಿ ಇನ್ನೊಂದು ತೆರನ ಫೋನು ಬರಲಾರಂಭಿಸಿತು. ಗಂಟೆ ಬಾರಿಸುತ್ತಿತ್ತು, ಎತ್ತಿದರೆ ಯಾರೂ ಮಾತಾಡುತ್ತಿರಲಿಲ್ಲ. ಒಳಗೆ ದೂರದಲ್ಲೆಲ್ಲೋ ಮಳೆ ಸುರಿಯುತ್ತಿರುವಂಥ ಸದ್ದು, ಅಷ್ಟೇ. ಮೊದಲ ಸಲ ಮಾವಶಿ ನಾಲ್ಕೈದು ಬಾರಿ ಹಲೋ ಎಂದರು. ಆಮೇಲೆ ಧ್ವನಿ ತಗ್ಗಿಸಿದರು.

"ಉಷಾ, ಮಾತಾಡಾಕ ಆಗಂಗಿಲ್ಲೇನು? ಬ್ಯಾಡ. ಸುಮ್ಮನ ಕೇಳು. ನಮ್ಮ ಕೆಂಪಿ ಆಕಳ ಈದದ, ಹೆಣ್ಣಗರ. ಹಿತ್ತಲದಾಗ ಹಾಗಲಬಳ್ಳಿ ಚಪ್ಪರಾ ಬಿಟ್ಟು ನಿಮ್ಮ ಕಾಕಾನ ಗ್ವಾಡಿ ಹತ್ಯದ, ಕಾಯಿ ನಂದೋ ನಿಂದೋ ಅಂತ ಇಬ್ಬರೂ ಜಗಳಾಡಾಕತ್ತೇವಿ. ಹೊಳಿಗೆ ಹೊಸಾ ನೀರು ಬಂದದ. ನಿನ್ನ ನೀಲಿ ಸೀರಿ ಇಲಿ ಕಡದಿಲ್ಲ, ನೋಡಿ ಇಟ್ಟೇನಿ."

ಅಂಗಡಿಯಲ್ಲಿ ಮಾವ ಇಲ್ಲದ ಹೊತ್ತು ನೋಡಿ ಉಷಾ ಫೋನು ಹಚ್ಚುತ್ತಾಳೆ, ಯಾರೋ ಬಂದದ್ದರಿಂದ ಮಾತಾಡಲಾಗದೆ ಹಿಡಿದು ನಿಂತಿರುತ್ತಾಳೆ ಎಂಬುದು ಅವರ ತರ್ಕ. ತರ್ಕದಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಕಂಬದ ಜೋಡಣೆ ನೋಡಲು ಬಂದ ಮೆಹಬೂಬಸಾಹೇಬರು ಒಂದು ದಿನ ಅವರು ಹೀಗೆ ಮಾತಾಡುವುದನ್ನು ಕೇಳಿ, ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಮಾವಶಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಅತ್ಲಾಗ ಯಾರೂ ಇರಂಗಿಲ್ರಿ. ಜಾಯಿಂಟಿನ್ಯಾಗ ಮಳಿನೀರು ಇಳದ್ರ ಗಂಟಿ ತಾನ ಹೊಡಿತದ."

"ನೀ ಅತ್ಲಾಗ ಹೋಗಿ ನೋಡಿ ಬಂದೀಯೇನು?"

"ಯಾ ಖುದಾ! ತಂತಿ ಒಳಗ ಹೊಕ್ಕು ನೋಡಾಕ ಬರ್ತದೇನ್ರಿ?"

"ಮತ್ತ? ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದಾಗ ಇಲ್ಲ ಅನ್ನಬಾರದು."

ಬಾಗಿಲಿಗೆ ಬಂದವರ ಬಗ್ಗೆ ಆ ಊರು ನಡೆಸಿಕೊಂಡು ಬಂದ ನಿಯಮವನ್ನು ಅವರು ತಂತಿಗೂ ಅನ್ವಯಿಸಿದ್ದರು. ಮೆಹಬೂಬಸಾಹೇಬರು ಜಾಯಿಂಟನ್ನು ಒರೆಸಿ ಟೇಪು ಸುತ್ತಿ ಹೋದರು. ಮುಂದಿನ ಮಳೆಗೆ ಗಂಟೆ ಮತ್ತೆ ಬಾರಿಸಿತು.

ಪಂಚಮಿ ಹತ್ತಿರ ಬಂದಿತ್ತು. ಅರಳು ಹುರಿಯಲು ಜೋಳ ನೆನೆಹಾಕಿದ್ದ ದಿನ, ಮತ್ತೊಮ್ಮೆ ಅಂಥ ಮಾತಿಲ್ಲದ ಫೋನು ಬಂತು. ಮಾವಶಿ ಎಂದಿನಂತೆ ಮನೆಯ ಸುದ್ದಿ ಹೇಳತೊಡಗಿ ನಡುವೆ ನಿಲ್ಲಿಸಿದರು. ಎಡಗೈ ಅವರಿಗೆ ಗೊತ್ತಿಲ್ಲದೆಯೇ ಮುಷ್ಟಿಯಾಗಿತ್ತು. ಅದು ಬಿಚ್ಚಿಕೊಂಡದ್ದನ್ನು ನಾನು ಕಂಡೆ.

"ಉಷಾ, ಇಷ್ಟ ದಿನಾ ನಾ ಒಂದ ಮಾತು ಅಂದಿರಲಿಲ್ಲ. ಈಗ ಅಂತೇನಿ. ಬಾ. ಹಬ್ಬಕ್ಕ ಅಂತಲ್ಲ. ಬರಬೇಕನಿಸಿದ ದಿನ ಬಾ. ಯಾಕ ಬಂದಿ ಅಂತ ಕೇಳಂಗಿಲ್ಲ. ಎಂದ ಹೋಗತಿ ಅಂತ ಕೇಳಂಗಿಲ್ಲ."

ಫೋನನ್ನು ಇಟ್ಟು, ನೆನೆದ ಜೋಳವನ್ನು ಬಟ್ಟೆಯ ಮೇಲೆ ಹರವಿದರು.

ಆಮೇಲೆ ಎಷ್ಟು ದಿನಗಳಾದವೆಂದು ಹೇಳಲಾರೆ. ಪಂಚಮಿಗೆ ಮೊದಲು ಎಂಬುದಷ್ಟೇ ನಿಶ್ಚಿತ. ಮಧ್ಯಾಹ್ನ ಬಾಗಿಲಲ್ಲಿ ಮಾಧುಕರಿಯವರ ಸಾಲು ನಿಂತಿತ್ತು. ಮಾವಶಿ ತಲೆ ತಗ್ಗಿಸಿ ನೀಡುತ್ತ ಬಂದರು. ಒಂದು ಜೋಳಿಗೆ, ಒಂದು ತಾಟು, ಇನ್ನೊಂದು ಜೋಳಿಗೆ. ಆಮೇಲೆ ಒಂದು ದೊಡ್ಡ ತಗಡಿನ ಡಬ್ಬಿ. ಭಕ್ಕರಿ ಹಿಡಿದ ಅವರ ಕೈ ನಿಂತಿತು.

"ಇದಕೇನ ಹಾಕ್ಲಿ? ತುಂಬ್ಯದಲ್ಲ" ಎಂದರು, ಡಬ್ಬಿಯನ್ನೇ ನೋಡುತ್ತ.

ಡಬ್ಬಿಯ ಬಾಯಿಯವರೆಗೆ ಗೋಧಿಹಿಟ್ಟು ಇತ್ತು. ಹಿಡಿದವಳ ಮುಂಗೈ, ಹುಬ್ಬು ಎಲ್ಲ ಹಿಟ್ಟಿನ ಧೂಳು. ಮಾವಶಿ ಮುಖವೆತ್ತಿ ನೋಡಿದರು. ಕೂಗಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಬುಟ್ಟಿಯನ್ನು ನನಗೆ ಕೊಟ್ಟು, ಮಗಳ ಕೈಯಿಂದ ಡಬ್ಬಿ ತೆಗೆದುಕೊಂಡರು.

"ಒಜ್ಜಿ ಅದ. ಇಷ್ಟ ದೂರ ಹೊತ್ತಿದೇನು? ನಡಿ, ಕೈಕಾಲು ತೊಳಕೋ. ಅನ್ನ ಆರತದ."

ಅವರು ಕೊಟ್ಟ ಮಾತಿನಂತೆ ಯಾಕೆಂದು ಕೇಳಲಿಲ್ಲ. ಉಷಾ ತಾನೇ ಹೇಳಿದಳು. ಆ ದಿನ ಆಳಂದದ ಮನೆಗೆ ಹೊಸ ಸಂಬಂಧದವರು ಮಾತುಕತೆಗೆ ಬರುವವರಿದ್ದರು. ಅವರ ಊಟಕ್ಕೆ ಹೋಳಿಗೆ ಆಗಬೇಕು, ಹಿಟ್ಟು ಮುಗಿದಿತ್ತು. ಅತ್ತೆಗೆ ಮನೆ ಸಾರಿಸುವ ಗಡಿಬಿಡಿ. ಬೆಳಗಾಗುತ್ತಲೇ ಗೋಧಿ ಬೀಸಿಕೊಂಡು ಬಾ ಎಂದು ಇವಳೊಬ್ಬಳನ್ನೇ ಗಿರಣಿಗೆ ಕಳಿಸಿದರು.

"ಅವ್ವಗ ಫೋನ್ ಮಾಡಬೇಕಂತ ಬೂತಿನ ಮುಂದ ನಿಂತ್ನಿರಿ" ಎಂದಳು ಉಷಾ ನನಗೆ. "ಪಾಳಿ ಇತ್ತು. ಮುಂದಿನಾಂವ ಹೊಲದ ಜಗಳಾನೆಲ್ಲಾ ಫೋನಿನ್ಯಾಗ ಬಗಿಹರಸಾಕತ್ತಿದ್ದ, ಮುಗೀವಲ್ದು. ಅಷ್ಟರಾಗ ಬಸ್ ಬಂತು. ಫೋನಿಗಿಂತ ಬಸ್ಸ ಲಗೂ ಸಿಕ್ತು, ಹತ್ತಿದೆ. ಡಬ್ಬಿ ಕೈಯಾಗ ಅದ ಅಂತ ಗೊತ್ತಾಗಿದ್ದು ಗುಲಬರ್ಗಾದಾಗ ಇಳದು ಬಸ್ ಬದಲಿ ಮಾಡುವಾಗ."

ಸಂಜೆ ಶಾಮರಾಯರನ್ನು ಕರೆಸಿ ಮಾವಶಿ ಡಬ್ಬಿ ತೋರಿಸಿದರು. "ಇದು ಅವರ ಹಿಟ್ಟು. ನಾಳೆ ಮುಂಜಾನೆ ಬಸ್ಸಿಗೆ ಹೋಗಿ ಕೊಟ್ಟು ಬಾ."

"ವೈನಿ, ಅಲ್ಲಿ ನಾ ಏನ್ ಮಾತಾಡ್ಲಿ?"

"ಏನೂ ಮಾತಾಡಬ್ಯಾಡ. ಮಂದಿ ಹಿಟ್ಟು ನಮ್ಮ ಮನ್ಯಾಗ ಇರಬಾರದು, ಅಷ್ಟ."

ಗುಮಾಸ್ತಿಕೆಯ ಆಯುಷ್ಯದಲ್ಲಿ ಯಾರೆದುರೂ ದನಿ ಎತ್ತಿರದ ಶಾಮರಾಯರು ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಳಂದಕ್ಕೆ ಹೋದರು. ಅಂಗಡಿಯ ಗಾದಿಯ ಮುಂದೆ ಅದನ್ನಿಟ್ಟರು. ಗಿರಾಕಿಗಳೆದುರಿಗೆ ಬೀಗರು, "ಸೊಸಿ ಎಲ್ಲಿ?" ಎಂದು ಗದರಿದರಂತೆ. ಇವರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಹೇಳಿದ್ದು ಎರಡೇ ಮಾತು: "ಹಿಟ್ಟು ನಿಮ್ದು. ಹುಡಿಗಿ ನಮ್ದು." ಮರಳಿ ಬಂದು ಇದನ್ನು ವರ್ಣಿಸುವಾಗ ಕನ್ನಡಕ ಇನ್ನೂ ಅವರ ಮೂಗಿನ ಮೇಲೆಯೇ ಇತ್ತು. ಮಾವಶಿ ಆ ದಿನ ಅವರಿಗೆ ಎರಡು ಬಟ್ಟಲು ಚಹಾ ಕೊಟ್ಟರು.

ಮುಂದಿನದು ನೇರವಾಗಿ ನಡೆಯಲಿಲ್ಲ. ಹಿರಿಯರ ಮಾತುಕತೆಗಳು, ಕೋರ್ಟು, ಓಣಿಯ ಕುಹಕ ಎಲ್ಲವೂ ಆದವು. ಉಷಾ ಬಿಟ್ಟ ಓದನ್ನು ಮುಂದುವರಿಸಿ, ಕೆಲವು ವರ್ಷಗಳ ನಂತರ ಅಫಜಲಪುರ ತಾಲ್ಲೂಕಿನಲ್ಲಿಯೇ ಶಿಕ್ಷಕಿಯಾದಳು. ಆದರೆ ನಾನು ಇಲ್ಲಿ ದಾಖಲಿಸಬೇಕೆಂದಿರುವುದು ಅವಳು ಬಂದ ಕೆಲವು ವಾರಗಳ ಮೇಲೆ, ಭಾದ್ರಪದದ ಒಂದು ಮಳೆಯ ಮಧ್ಯಾಹ್ನ ನಡೆದದ್ದನ್ನು. ಅದಾದ ಸ್ವಲ್ಪ ದಿನಕ್ಕೇ ನಾನು ಊರು ಬಿಟ್ಟೆ.

ಶಾಮರಾಯರು ಹಳೆಯ ಮಾತನ್ನು ಮತ್ತೆ ಎತ್ತಿಕೊಂಡು ಬಂದಿದ್ದರು. "ವೈನಿ, ಇನ್ನರ ಎಸ್.ಟಿ.ಡಿ. ಹಾಕಿಸ್ರಿ. ಯಾರ ಸಲುವಾಗಿ ಖಾಲಿ ಇಟ್ಟಿದ್ರಿ, ಆಕಿನೇ ಬಂದು ಕುಂತಾಳ. ಈಗ ಯಾಕ ಖಾಲಿ?"

"ಹಾಕಸೋಣು" ಎಂದರು ಮಾವಶಿ. ನನಗೆ ಆಶ್ಚರ್ಯವಾಯಿತು. ಅಂಗೈ ಒರೆಸಿಕೊಳ್ಳಲು ಸೆರಗಿಗೆ ಕೈ ಹಾಕಿದ್ದರು, ಅಷ್ಟರಲ್ಲಿ ಉಷಾ ನಕ್ಕಳು.

"ಕಾಕಾ, ಈ ಫೋನಿನ ಮುಂದ ಅವ್ವ ತಾನೊಬ್ಬಾಕಿನೇ ಮಾತಾಡತಿದ್ಳಂತ, ಖರೇನ?"

"ನಿನ್ನ ಜೋಡಿನೇ ಮಾತಾಡಿದ್ನೆವಾ" ಎಂದರು ಮಾವಶಿ. "ನೀ ಸುಮ್ಮನ ಹಿಡದು ನಿಂದರತಿದ್ದಿ, ನಾ ಹೇಳತಿದ್ದೆ."

ಉಷಾಳ ನಗು ನಿಂತಿತು. "ಇಲ್ಲವ್ವಾ. ಗಿರಣಿ ಬೂತ್ ಬಿಟ್ಟು ನಾ ಎಲ್ಲಿಂದಾನೂ ಫೋನ್ ಹಚ್ಚಿಲ್ಲ. ಸುಮ್ಮನ ಅಂತೂ ಒಂದ ಸಲಾನೂ ಇಲ್ಲ."

ನಾನು ಮಾವಶಿಯವರ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಕೆಂಪಿಯ ಕರು, ಹಾಗಲಬಳ್ಳಿ, ನೀಲಿ ಸೀರೆ, ಎಲ್ಲಕ್ಕಿಂತ ಮಿಗಿಲಾಗಿ ಆ ಒಂದು 'ಬಾ', ಎಲ್ಲವೂ ನೀರಿಳಿದ ತಂತಿಯೊಳಗೆ ಹೋಗಿದ್ದವು. ಮಗಳು ಬಂದದ್ದು ಅವುಗಳಲ್ಲಿ ಒಂದನ್ನೂ ಕೇಳದೆ, ತನ್ನಷ್ಟಕ್ಕೆ ತಾನೇ.

"ಹಂಗಾರ ಆಕಿ ಯಾರು?" ಎಂದರು ಮಾವಶಿ.

"ಯಾವ ಆಕಿ ಅವ್ವಾ? ಯಾರೂ ಇರಲಿಲ್ಲ. ಲೈನ್ ಕೆಟ್ಟಿತ್ತು."

ಮಳೆ ಜೋರಾಯಿತು. ಮಣೆಯ ಮೇಲಿನ ಫೋನು ಬಾರಿಸಿತು. ನಾಲ್ವರೂ ಅದನ್ನು ನೋಡಿದೆವು. ಶಾಮರಾಯರು, "ಬಿಡ್ರಿ ವೈನಿ, ನೀರಿಂದು" ಎಂದರು. ಮಾವಶಿ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಎತ್ತಿದರು. ಹಲೋ ಎಂದರು. ಕಾದರು. ಆಮೇಲೆ ಫೋನನ್ನು ಕಿವಿಯಿಂದ ತುಸು ಸರಿಸಿ ಮೈದುನನ ಕಡೆ ತಿರುಗಿ ಹೇಳಿದರು:

"ಎಸ್.ಟಿ.ಡಿ. ಬ್ಯಾಡ, ಶಾಮಾ. ಹಿಂಗ ಇರಲಿ. ಯಾರ ಮಗಳೋ ಏನೋ."

ಮತ್ತೆ ಬಾಯಿಗೆ ಹತ್ತಿರ ಹಿಡಿದರು. "ಯಾರವಾ? ಮಾತಾಡಾಕ ಆಗಂಗಿಲ್ಲಂದ್ರ ಬ್ಯಾಡ. ಉಂಡೇನು? ಇಲ್ಲಿ ನಮ್ಮ ಕಡೆ ಛಲೋ ಮಳಿ ಅದ..."

ಒಳಗೆ ಸೀಮೆಎಣ್ಣೆಯ ಸ್ಟೋವು ಭರ್ರೆಂದು ಉರಿಯುತ್ತಿತ್ತು. ಉಷಾ ತಾಯಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕುಳಿತಿದ್ದಳು. ಆಮೇಲೆ ಎದ್ದು ಒಳಗೆ ಹೋಗಿ, ಫೋನಿನ ಅತ್ತ ಕಡೆಯವರಿಗೆ ತಾಯಿಯ ಮಾತು ಕೇಳಿಸಲೆಂದು, ಸ್ಟೋವಿನ ಗಾಳಿ ಬಿಟ್ಟು ಸದ್ದು ನಿಲ್ಲಿಸಿದಳು.